ಕಿಟಕಿಗೊಂದು ಊರು

ಅಕ್ಷರ ಕಲಿತ ಮನುಷ್ಯ ಓದುತ್ತಾನೆ ಎಂಬುದು ಶಾಲೆಗಳು ಹಬ್ಬಿಸಿದ ಸುದ್ದಿ. ನಾನದನ್ನು ನಂಬುವುದಿಲ್ಲ. ಅರ್ಧ ಆಯುಷ್ಯ ಬಸ್ಸಿನ ಬಾಗಿಲಲ್ಲಿ ನೇತಾಡಿಕೊಂಡು ಮನುಷ್ಯರನ್ನು ನೋಡಿದವನು ನಾನು. ಎದುರಿನ ಗಾಜಿನೊಳಗೆ ದೊಡ್ಡ ಬೋರ್ಡು ಇರುತ್ತದೆ. ಕೈಯಲ್ಲಿ ದಪ್ಪ ಪುಸ್ತಕ, ಕುತ್ತಿಗೆಯಲ್ಲಿ ಗುರುತಿನ ಚೀಟಿ, ಮೂಗಿನ ಮೇಲೆ ಕನ್ನಡಕ ಇರುವ ಗೌರವಸ್ಥರೊಬ್ಬರು ಆ ಬೋರ್ಡಿನ ಕೆಳಗೇ ನಿಂತು, ತಲೆಯೆತ್ತಿ ಅದನ್ನೇ ನೋಡಿ, ಆಮೇಲೆ ನನ್ನ ಹತ್ತಿರ ಬಂದು, “ಇದು ಮಣಿಪಾಲಕ್ಕೆ ಹೋಗ್ತದಾ?” ಎಂದು ಕೇಳುತ್ತಾರೆ. ಹೋಗುತ್ತದೆ ಎಂದ ಮೇಲೆ ಹತ್ತಿ, ಪಕ್ಕದಲ್ಲಿ ಕೂತವರನ್ನು ಮತ್ತೊಮ್ಮೆ ಕೇಳುತ್ತಾರೆ. ಪಕ್ಕದವರಾದರೂ ಬೋರ್ಡು ಓದಿ ಹತ್ತಿದವರಲ್ಲ. ಅವರು ಹತ್ತಿದ್ದು ಅವರ ಮುಂದಿನವರು ಹತ್ತಿದರು ಎಂಬ ಧೈರ್ಯದಿಂದ. ಹೀಗೆ ಇಡೀ ಬಸ್ಸು ಒಬ್ಬರನ್ನು ನೋಡಿ ಇನ್ನೊಬ್ಬರು ಹತ್ತಿದ್ದರಿಂದ ತುಂಬುತ್ತದೆ. ಡ್ರೈವರನೂ ನನ್ನನ್ನು ಕೇಳಿಯೇ ಹೊರಡುತ್ತಾನೋ ಎಂದು ನನಗೆ ಕೆಲವೊಮ್ಮೆ ಸಂಶಯ ಬಂದದ್ದುಂಟು.

ನನ್ನ ಓದು ಏಳನೆಯ ತರಗತಿಗೆ ಮುಗಿಯಿತು. ಇದನ್ನು ಹೇಳುವಾಗ ಜನ ಸಾಮಾನ್ಯವಾಗಿ ಧ್ವನಿ ತಗ್ಗಿಸುತ್ತಾರೆ. ನಾನು ಸ್ವಲ್ಪ ಎತ್ತರಿಸುತ್ತೇನೆ. ಎಂಟನೆಯ ತರಗತಿಯನ್ನು ನಾನು ಕಂಡದ್ದು ಬಸ್ಸಿನ ಕಿಟಕಿಯಿಂದ ಮಾತ್ರ. ನನ್ನ ಜೊತೆಯವರು ಒಳಗೆ ಭೂಪಟ ಬಿಡಿಸುತ್ತಿದ್ದಾಗ ನಾನು ಹೊರಗೆ ಅದೇ ಭೂಪಟದ ಮೇಲೆ ದಿನಕ್ಕೆ ನಾಲ್ಕು ಸಲ ಹೋಗಿ ಬರುತ್ತಿದ್ದೆ. ಮೊದಲು ಕ್ಲೀನರ್, ಆಮೇಲೆ ಕಂಡಕ್ಟರ್, ಕೊನೆಗೆ ಒಂದು ಬಸ್ಸಿನ ಮಾಲೀಕ. ಒಂದೇ ಬಸ್ಸು, ಆದರೆ ಪೂರ್ತಿ ನನ್ನದು. ಹೆಸರು ‘ಸುಗಂಧಿ’. ಅದು ನನ್ನ ಅಮ್ಮನ ಹೆಸರು. ಡೀಸೆಲ್ ಹೊಗೆ ಬಿಡುವ ವಾಹನಕ್ಕೆ ಇದೆಂಥ ಹೆಸರು ಎಂದು ನಗಾಡಿದವರೂ ಇದ್ದಾರೆ. ಅವರು ಈಗ ಅದರಲ್ಲಿಯೇ ಓಡಾಡುತ್ತಾರೆ, ಸೀಟು ಸಿಗದೆ ನಿಂತುಕೊಂಡು.

ಅಮ್ಮನಿಗೆ ಓದಲು ಬರುತ್ತಿರಲಿಲ್ಲ. ಆದರೆ ಬಸ್ಸು ತಪ್ಪಿಸಿಕೊಂಡದ್ದಿಲ್ಲ. ತಿರುವಿನಾಚೆ ಬಸ್ಸಿನ ಮೂತಿ ಕಾಣುವ ಮೊದಲೇ ಸೆರಗು ಬಿಗಿದು ಎದ್ದು ನಿಲ್ಲುತ್ತಿದ್ದರು. ಹೇಗೆ ಗೊತ್ತಾಗುತ್ತದೆ ಎಂದು ಕೇಳಿದರೆ, “ಅದರ ಬಣ್ಣ ಬಂತಲ್ಲ” ಎನ್ನುತ್ತಿದ್ದರು. ಬಸ್ಸಿಗಿಂತ ಮೊದಲು ಅದರ ಬಣ್ಣ ಬರುತ್ತದೆ, ಆಮೇಲೆ ಸದ್ದು, ಆಮೇಲೆ ಬಸ್ಸು, ಬೋರ್ಡು ಎಲ್ಲಕ್ಕಿಂತ ಕೊನೆಗೆ. ಅದಕ್ಕಾಗಿಯೇ ನಾನು ಸ್ವಂತ ಬಸ್ಸು ಮಾಡಿದಾಗ ಗಿಳಿಹಸುರು ಬಣ್ಣ ಹೊಡೆಸಿದೆ. ಗುಡ್ಡದ ಹಸುರಿನ ನಡುವೆಯೂ ಎದ್ದು ಕಾಣುವಂಥ, ಸ್ವಲ್ಪ ಜಗಳಗಂಟ ಹಸುರು. ಬಣ್ಣದ ಬುದ್ಧಿ ನನಗೆ ಅಮ್ಮನಿಂದ ಬಂತು. ಬೋರ್ಡಿನ ಬುದ್ಧಿ ಮಾತ್ರ ಯಾರಿಂದಲೂ ಬಂದಿರಲಿಲ್ಲ, ಅದು ಸ್ವಂತದ್ದು. ತೊಂದರೆ ಶುರುವಾದದ್ದೂ ಅಲ್ಲಿಂದಲೇ.

ಸುಗಂಧಿ ಓಡುವುದು ಉಡುಪಿಯಿಂದ ಮಣಿಪಾಲ, ಹಿರಿಯಡ್ಕ, ಅಜೆಕಾರು ದಾರಿಯಾಗಿ ಕಾರ್ಕಳಕ್ಕೆ. ನೇರ ದಾರಿ ಬೇರೆ ಉಂಟು. ನಮ್ಮದು ಊರೂರು ಮಾತಾಡಿಸಿಕೊಂಡು ಹೋಗುವ ದಾರಿ. ಮೊದಲ ವರ್ಷ ಬೋರ್ಡಿನಲ್ಲಿ ‘ಉಡುಪಿ – ಕಾರ್ಕಳ’ ಎಂದಷ್ಟೇ ಇತ್ತು. ನಂತರ ಮಣಿಪಾಲ ಸೇರಿತು, ಅದು ನ್ಯಾಯ. ಮಣಿಪಾಲ ಸೇರಿದ ಮೇಲೆ ಪರ್ಕಳದವರು ತಾವೇನು ಕಡಿಮೆ ಎಂದು ಕೇಳಿದರು. ಪರ್ಕಳ ಬರೆಸಿದ ವಾರದಲ್ಲಿ ಆತ್ರಾಡಿಯ ಇಬ್ಬರು ಬಂದು ಚಹಾ ಕುಡಿದು ಹೋದರು. ಚಹಾ ಕುಡಿಯುವಾಗ ಅವರು ಬೋರ್ಡಿನ ವಿಷಯ ಎತ್ತಲೇ ಇಲ್ಲ; ಅದಕ್ಕೇ ನನಗೆ ಅರ್ಥವಾಯಿತು. ಹೀಗೆ ಹಿರಿಯಡ್ಕ, ಕಡ್ತಲ, ದೊಂಡೆರಂಗಡಿ, ಹಿರ್ಗಾನ. ಅಜೆಕಾರಿನ ಪರವಾಗಿ ಬಂದವರು ಶೇಖರಣ್ಣ. ಅಲ್ಲಿನ ಬಸ್ ಸ್ಟಾಪಿನ ಎದುರು ಅವರದ್ದು ಜಿನಸು ಅಂಗಡಿ. ಬಸ್ಸಿಗೆ ಕಾಯುವವರೆಲ್ಲ ಅವರ ಅಂಗಡಿಯ ನೆರಳಲ್ಲೇ ನಿಲ್ಲುವುದರಿಂದ ಊರಿನ ಅಭಿಪ್ರಾಯ ಎಂಬುದು ಅಲ್ಲಿಯೇ ತಯಾರಾಗುತ್ತದೆ. ಅವರು ಒಂದು ಗೊನೆ ಬಾಳೆಹಣ್ಣು ತಂದು ಜಗಲಿಯಲ್ಲಿಟ್ಟು, ತಮ್ಮ ಊರು ಬೋರ್ಡಿನಲ್ಲಿಲ್ಲದೆ ಬಸ್ಸು ಹೇಗೆ ತಾನೇ ದಾರಿ ಕಂಡುಕೊಳ್ಳುತ್ತದೆ ಎಂದು ಬಹಳ ಕಾಳಜಿಯಿಂದ ವಿಚಾರಿಸಿದರು. ಬಾಳೆಹಣ್ಣು ಮುಗಿಯುವ ಮೊದಲು ಅಜೆಕಾರು ಬೋರ್ಡಿಗೆ ಬಂತು.

ಕೊನೆಗೆ ಆ ಬೋರ್ಡು ಕಣ್ಣಿನ ಡಾಕ್ಟರರ ಗೋಡೆಯಲ್ಲಿ ತೂಗುಹಾಕುವ ಅಕ್ಷರದ ಹಲಗೆಯ ಹಾಗಾಯಿತು. ಮೇಲೆ ದೊಡ್ಡ ಅಕ್ಷರ, ಕೆಳಕೆಳಗೆ ಬಂದ ಹಾಗೆ ಸಣ್ಣದು. ಕೊನೆಯ ಸಾಲನ್ನು ದೂರದಿಂದ ಓದಿದವರಿಗೆ ಕನ್ನಡಕದ ಅಗತ್ಯ ಇಲ್ಲ ಎಂದು ನಾನೇ ಸರ್ಟಿಫಿಕೇಟು ಕೊಡಬಹುದಿತ್ತು. ಆದರೂ ನನಗೆ ಅದರ ಮೇಲೆ ಅಪಾರ ಹೆಮ್ಮೆ. ಬೆಳಿಗ್ಗೆ ದೇವರ ಪಟ ಒರೆಸಿದ ಬಟ್ಟೆಯಲ್ಲಿಯೇ ಬೋರ್ಡನ್ನೂ ಒರೆಸುತ್ತಿದ್ದೆ. ಬೇರೆ ಬಸ್ಸಿನವರು ಎರಡು ಊರು ಬರೆಸುತ್ತಾರೆ, ನನ್ನದರಲ್ಲಿ ಇಡೀ ದಾರಿಯೇ ಉಂಟು ಎಂದು ಹೇಳಿಕೊಂಡು ತಿರುಗುತ್ತಿದ್ದೆ.

ಹೀಗಿರುವಾಗ ನಮ್ಮ ಹಿಂದೆ ಒಂದು ಹೊಸ ಬಸ್ಸು ಬಿದ್ದಿತು. ನಮ್ಮದೇ ದಾರಿ, ನಮ್ಮ ಬೆನ್ನಿಗೇ ಸಮಯ, ನೆತ್ತಿಯಲ್ಲಿ ಎಲ್‌ಇಡಿ ಬೋರ್ಡು. ಪಕ್ಕದ ಅಂಗಡಿಯ ಬಾಗಿಲಿಗೆ ಹೂಮಾಲೆ ಹಾಕಿದ್ದನ್ನು ನೋಡಿದಾಗ ಆಗುವಂಥ ಸಂಕಟ ನನಗಾಯಿತು. ಕಂಡಕ್ಟರ್ ದಯಾನಂದ ಒಂದು ಸಂಜೆ ಹೇಳಿದ, “ಧಣಿ, ಮಣಿಪಾಲದಲ್ಲಿ ಕಾಲೇಜು ಮಕ್ಕಳು ನಮ್ಮನ್ನು ನೋಡ್ತಾರೆ, ಹತ್ತುದಿಲ್ಲ. ಹಿಂದಿನದ್ದಕ್ಕೆ ಹತ್ತುತ್ತಾರೆ.” ನನಗೆ ನಂಬಿಕೆ ಬರಲಿಲ್ಲ. ಮರುದಿನ ಮಣಿಪಾಲದ ಸ್ಟಾಪಿನಲ್ಲಿ ಹೋಗಿ ನಿಂತೆ, ಯಾರಿಗೂ ಗುರುತು ಸಿಗಬಾರದೆಂದು ಟೊಪ್ಪಿ ಹಾಕಿಕೊಂಡು. ಸ್ಟಾಪಿನಲ್ಲಿದ್ದವರೆಲ್ಲ ಟೊಪ್ಪಿ ನೋಡಿ ನಮಸ್ಕಾರ ಸದಾನಂದಣ್ಣ ಎಂದರು. ಇರಲಿ. ಸುಗಂಧಿ ಬಂತು. ಬೆನ್ನಿಗೆ ಚೀಲ ಹಾಕಿದ ಹುಡುಗಿಯೊಬ್ಬಳು ತಲೆಯೆತ್ತಿ ಬೋರ್ಡು ಓದತೊಡಗಿದಳು. ತುಟಿ ಅಲುಗುತ್ತಿತ್ತು. ಅವಳ ತುಟಿ ಪರ್ಕಳ ದಾಟಿ ಆತ್ರಾಡಿಗೆ ಬರುವ ಹೊತ್ತಿಗೆ ದಯಾನಂದ ಸೀಟಿ ಊದಿ ಬಸ್ಸು ಹೊರಟಿತ್ತು. ಹಿಂದಿನ ಬಸ್ಸು ಬಂತು. ಅವಳು ಓದಲೇ ಇಲ್ಲ, ಹತ್ತಿ ಹೋದಳು.

ಬೇರೆಯವರಿಗೆ ಇದು ಸಣ್ಣ ಸಂಗತಿಯಂತೆ ಕಾಣಬಹುದು. ಹತ್ತು ಬಸ್ಸಿರುವವರಿಗೆ ಒಂದು ಟ್ರಿಪ್ಪು ಹೋದರೆ ಒಂದು ಟ್ರಿಪ್ಪು ಹೋದ ಹಾಗೆ. ಒಂದೇ ಬಸ್ಸು ಇರುವವನಿಗೆ ಬೆಳಗಿನ ಮತ್ತು ಸಂಜೆಯ ಟ್ರಿಪ್ಪು ಹೋದರೆ ಬಸ್ಸೇ ಹೋದ ಹಾಗೆ. ಸುಗಂಧಿಯನ್ನು ಮಾರಿ ಮತ್ತೆ ಯಾರದ್ದೋ ಬಸ್ಸಿನ ಬಾಗಿಲಲ್ಲಿ ನೇತಾಡುವುದು ನನ್ನಿಂದಾಗದು. ಸೊಂಟ ಒಪ್ಪಿದರೂ ಮನಸ್ಸು ಒಪ್ಪುವುದಿಲ್ಲ. ಅದಕ್ಕಿಂತ ಹೆಚ್ಚಾಗಿ, ಅಮ್ಮನ ಹೆಸರಿನ ಮೇಲೆ ಬೇರೆಯವರು ಬಣ್ಣ ಹೊಡೆಯುವುದನ್ನು ನೋಡುವ ಶಕ್ತಿ ನನಗಿರಲಿಲ್ಲ.

ಆ ಭಾನುವಾರ ತಂಗಿಯ ಮಗಳು ಶ್ರಾವ್ಯ ಬನ್ನಂಜೆಯ ನಮ್ಮ ಮನೆಗೆ ಊಟಕ್ಕೆ ಬಂದಿದ್ದಳು. ಅವಳು ಮಣಿಪಾಲದ ಒಂದು ಕಾಲೇಜಿನಲ್ಲಿ ಡಿಸೈನು ಓದುತ್ತಾಳೆ. ಡಿಸೈನು ಎಂದರೆ ನಾನು ಸೀರೆಯ ಅಂಚು ಎಂದು ತಿಳಿದಿದ್ದೆ. ಅಲ್ಲ, ಮನುಷ್ಯನ ಕಣ್ಣು ಎಲ್ಲಿ ಬೀಳುತ್ತದೆ, ಮನಸ್ಸು ಯಾವುದನ್ನು ಹಿಡಿದುಕೊಳ್ಳುತ್ತದೆ, ಯಾವುದನ್ನು ಬಿಟ್ಟು ಮುಂದೆ ಹೋಗುತ್ತದೆ ಎಂಬುದನ್ನು ತಿಳಿದುಕೊಂಡು ಬರೆಯುವ ವಿದ್ಯೆಯಂತೆ. ಬಾಗಿಲಲ್ಲಿ ನೇತಾಡದೆ ಕುರ್ಚಿಯಲ್ಲಿ ಕೂತು ಇದನ್ನೆಲ್ಲ ಕಲಿಯಬಹುದು ಎಂದು ಕೇಳಿ ನನಗೆ ಸ್ವಲ್ಪ ಹೊಟ್ಟೆಕಿಚ್ಚಾಯಿತು. ಬಂಗುಡೆ ಮೀನಿನ ಪುಳಿಮುಂಚಿ ಸಾರಿನಲ್ಲಿ ಮುಳ್ಳು ಬಿಡಿಸುತ್ತಾ ಅವಳು ಹೇಳಿದಳು, “ಮಾಮ, ಬೇಜಾರು ಮಾಡ್ಬೇಡಿ. ನಿಮ್ಮ ಬಸ್ಸಿನ ಬಣ್ಣ ಮುಟ್ಲಿಕ್ಕೆ ಇಲ್ಲ, ಅಷ್ಟು ಲಾಯ್ಕ ಉಂಟು. ಆದ್ರೆ ಆ ಬೋರ್ಡು ಬೋರ್ಡಲ್ಲ. ಅದು ನಿಮ್ಮ ದಾಕ್ಷಿಣ್ಯ.”

ನಾನು ಅನ್ನ ಕಲಸುವುದನ್ನು ನಿಲ್ಲಿಸಿದೆ. ನನ್ನ ಹೆಂಡತಿ ಲೀಲಾ ಪಕ್ಕದಿಂದ, ಅದನ್ನು ತಾನು ಮದುವೆಯಾದಂದಿನಿಂದ ಹೇಳುತ್ತಿದ್ದೇನೆ ಎಂದಳು. ಯಾವುದನ್ನು ಎಂದು ಕೇಳುವ ಧೈರ್ಯ ನನಗಾಗಲಿಲ್ಲ. ಶ್ರಾವ್ಯ ವಿವರಿಸಿದಳು. ಬರುತ್ತಿರುವ ಬಸ್ಸನ್ನು ನೋಡುವ ಕಣ್ಣಿಗೆ ಒಂದು ಸಲಕ್ಕೆ ಒಂದೇ ಕೆಲಸ ಕೊಡಬೇಕು. ಹತ್ತು ಕೆಲಸ ಕೊಟ್ಟರೆ ಅದು ಒಂದನ್ನೂ ಮಾಡದೆ ಸುಮ್ಮನಾಗುತ್ತದೆ. ಖಾಲಿ ಜಾಗ ಎಂದರೆ ದಂಡವಾದ ಜಾಗ ಅಲ್ಲ, ಅದು ಅಕ್ಷರಕ್ಕೆ ಉಸಿರಾಡುವ ಜಾಗ. ಇದು ನನಗೆ ಬಾಳೆಎಲೆಯಿಂದ ಅರ್ಥವಾಯಿತು. ಉಪ್ಪಿಗೆ ಒಂದು ಮೂಲೆ, ಉಪ್ಪಿನಕಾಯಿಗೆ ಒಂದು, ಪಲ್ಯಕ್ಕೆ ಒಂದು ಎಂದು ಬಿಟ್ಟು ಬಿಟ್ಟು ಬಡಿಸಿದರೆ ಊಟ; ಎಲ್ಲವನ್ನೂ ನಡುವಿಗೇ ಸುರಿದರೆ ಅದು ಊಟವಲ್ಲ, ಮರುದಿನಕ್ಕೆ ಉಳಿದದ್ದರ ಪಾತ್ರೆ. ಆಮೇಲೆ ಅವಳು ಕೇಳಿದಳು, ಮದುವೆಯ ಗುಂಪು ಫೋಟೋ ಕೈಗೆ ಕೊಟ್ಟರೆ ಮೊದಲು ಯಾರನ್ನು ನೋಡುತ್ತೀರಿ? ಪ್ರತಿಯೊಬ್ಬರೂ ಮೊದಲು ಹುಡುಕುವುದು ತಮ್ಮ ಮುಖವನ್ನಂತೆ. ನಾನು ಹಾಗಲ್ಲ, ಎಲ್ಲರನ್ನೂ ಒಟ್ಟಿಗೆ ನೋಡುತ್ತೇನೆ ಎಂದೆ. ಲೀಲಾ ಮೀನಿನ ಪಾತ್ರೆ ಎತ್ತಿಕೊಂಡು ಒಳಗೆ ಹೋದಳು. ಒಳಗಿನಿಂದ ನಗು ಕೇಳಿಸಿತು.

ಬಸ್ಸಿನ ಬಣ್ಣ ಹೊಡೆಸುವ ಕಾಲ ಹೇಗೂ ಬಂದಿತ್ತು. ಕಾಪುವಿನ ಗ್ಯಾರೇಜಿಗೆ ಬಿಟ್ಟೆವು. ಅಲ್ಲಿ ಅಕ್ಷರ ಬರೆಯುವ ವಾಮನಣ್ಣ ಹಳೆಯ ಬೋರ್ಡಿನ ಒಂದೊಂದು ಊರನ್ನೂ ಸ್ವಂತ ಕೈಯಿಂದ ಸೇರಿಸಿದವರು. ಕಪ್ಪು ಹಲಗೆಯ ಮೇಲೆ ಹಳದಿ ಬಣ್ಣದಲ್ಲಿ ‘ಕಾರ್ಕಳ’ ಎಂಬ ಒಂದೇ ಒಂದು ಪದ, ಕೆಳಗೆ ಅದೇ ಇಂಗ್ಲಿಷಿನಲ್ಲಿ, ತಿರುಗಿಸಿದರೆ ‘ಉಡುಪಿ’, ಅಷ್ಟೇ ಎಂದು ಶ್ರಾವ್ಯ ಹೇಳಿದಾಗ ಅವರು ಕುಂಚವನ್ನು ಡಬ್ಬದೊಳಗೆ ಇಟ್ಟುಬಿಟ್ಟರು. ಇಷ್ಟು ಜಾಗ ಖಾಲಿ ಬಿಟ್ಟರೆ ಜನ ತನಗೆ ಕೆಲಸ ಗೊತ್ತಿಲ್ಲ ಎನ್ನುತ್ತಾರೆ ಎಂಬುದು ಅವರ ಚಿಂತೆ. ಕಡೇಪಕ್ಷ ಎರಡು ಮೂಲೆಗೆ ಎರಡು ತಾವರೆ? ಬೇಡ. ಒಂದು ಹಂಸ? ಬೇಡ. ಒಂದು ಸಣ್ಣ ಗೆರೆ? ಅದೂ ಬೇಡ. “ಹುಡುಗಿ ದಿನಸಿಯಲ್ಲಿ ಉಪ್ಪನ್ನೂ ಬೇಡ ಅನ್ನುವ ಜಾತಿ ಮಾರಾಯ್ರೆ” ಎಂದು ನನ್ನ ಕಿವಿಯಲ್ಲಿ ಹೇಳಿ, ಆ ಖಾಲಿ ಜಾಗಕ್ಕೆ ಸುಮ್ಮನೆ ಇನ್ನೊಂದು ಕೈ ಕಪ್ಪು ಬಣ್ಣ ಹೊಡೆದು ಸಮಾಧಾನ ಮಾಡಿಕೊಂಡರು.

ಮಣಿಪಾಲ ಒಂದು ವಾರದಲ್ಲಿ ನಮ್ಮದಾಯಿತು. ದೂರದಿಂದ ಗಿಳಿಹಸುರು, ಹತ್ತಿರದಿಂದ ಹಳದಿ ಕಾರ್ಕಳ. ಮಕ್ಕಳು ನಾವು ತಿರುವಿನಲ್ಲಿ ಕಂಡ ಕೂಡಲೇ ಕೈ ತೋರಿಸತೊಡಗಿದರು. ದಯಾನಂದನ ಗಂಟಲಿಗೂ ವಿರಾಮ ಸಿಕ್ಕಿತು. ನಾನು ಮೀಸೆ ತಿರುವುವ ಅಭ್ಯಾಸದವನಲ್ಲ. ಆದರೆ ಆ ವಾರ ಕನ್ನಡಿಯ ಎದುರು ಒಂದೆರಡು ಸಲ ಪ್ರಯತ್ನಿಸಿದೆ. ಅಷ್ಟರಲ್ಲಿ ಬೆಟ್ಟದ ಕಡೆಯಿಂದ ಸುದ್ದಿ ಬಂತು. ಬೆಳಗಿನ ಟ್ರಿಪ್ಪಿನಲ್ಲಿ ಅಜೆಕಾರಿನಲ್ಲಿ ಯಾರೂ ಕೈ ತೋರಿಸುವುದಿಲ್ಲ. ಜನ ಇದ್ದಾರೆ, ಶೇಖರಣ್ಣನ ಅಂಗಡಿಯ ನೆರಳಿನಲ್ಲಿ ಸಾಲಾಗಿ ನಿಂತಿದ್ದಾರೆ, ಸುಗಂಧಿ ಬಂದು ನಿಂತಾಗ ಎಲ್ಲರೂ ಆಕಾಶ ನೋಡುತ್ತಾರೆ. ಹಿಂದಿನ ಬಸ್ಸು ಬಂದಾಗ ಆಕಾಶ ನೋಡುವುದು ನಿಲ್ಲುತ್ತದೆ. ಅಜೆಕಾರನ್ನು ನೋಡಿ ದೊಂಡೆರಂಗಡಿ, ದೊಂಡೆರಂಗಡಿಯನ್ನು ನೋಡಿ ಕಡ್ತಲ. ಬೆಳಿಗ್ಗೆ ನಮ್ಮ ಬಸ್ಸು ತುಂಬುವುದೇ ಈ ಊರುಗಳಿಂದ. ಮಣಿಪಾಲದಲ್ಲಿ ಗೆದ್ದದ್ದನ್ನು ನಾನು ಅಜೆಕಾರಿನಲ್ಲಿ ದುಪ್ಪಟ್ಟಾಗಿ ಸೋಲುತ್ತಿದ್ದೆ.

ನಾನೇ ಹೋದೆ. ಶೇಖರಣ್ಣ ಬೆಲ್ಲ ತೂಗುತ್ತಿದ್ದರು. ಕೂತುಕೊಳ್ಳಿ ಎಂದರು, ಸೋಡಾ ಒಡೆದು ಕೊಟ್ಟರು, ಮನೆಯವರ ಆರೋಗ್ಯ ಕೇಳಿದರು. ಮರ್ಯಾದೆಗೆ ಏನೂ ಕೊರತೆಯಿಲ್ಲ. ಮರ್ಯಾದೆ ಇಷ್ಟು ಹೆಚ್ಚಾದರೆ ನಮ್ಮ ಕಡೆ ವಿಷಯ ಗಂಭೀರ ಎಂದು ಅರ್ಥ. ಕೊನೆಗೆ ನಾನೇ ಬಾಯಿಬಿಟ್ಟು, ಬಸ್ಸಿಗೆ ಯಾಕೆ ಹತ್ತುವುದಿಲ್ಲ ಎಂದು ಕೇಳಿದೆ.

“ನಿಮ್ಮ ಬಸ್ಸು ಕಾರ್ಕಳಕ್ಕೆ, ಉಡುಪಿಗೆ ಹೋಗುದಲ್ವಾ? ಬೋರ್ಡಲ್ಲಿ ಹಾಗೇ ಉಂಟು. ನಾವು ಅಜೆಕಾರಿನವರು.”

“ಶೇಖರಣ್ಣ, ಇಷ್ಟು ವರ್ಷ ಇದೇ ಬಸ್ಸು ಇಲ್ಲಿಗೆ ಬರ್ಲಿಲ್ವಾ?”

“ಬಂದಿದೆ. ಆಗ ನಮ್ಮ ಹೆಸರಿತ್ತು.”

“ಆ ಹೆಸರು ನಿಮಗೆ ಇಲ್ಲಿಂದ ಕಾಣ್ತಿತ್ತಾ?”

ಅವರು ತಕ್ಕಡಿಯನ್ನು ಕೆಳಗಿಟ್ಟರು. “ಕಾಣ್ತಿರಲಿಲ್ಲ ಮಾರಾಯ್ರೆ. ಉಂಟು ಅಂತ ಗೊತ್ತಿತ್ತು.”

ಹಿಂದಿರುಗುವ ದಾರಿಯುದ್ದಕ್ಕೂ ಈ ಮಾತು ನನ್ನ ತಲೆಯಲ್ಲಿ ಸಡಿಲ ಬೋಲ್ಟಿನ ಹಾಗೆ ಗಲಗಲ ಎನ್ನುತ್ತಿತ್ತು. ಶ್ರಾವ್ಯಳಿಗೆ ಫೋನು ಮಾಡಿ ಹೇಳಿದೆ. ಅವಳು, ಹೆಸರನ್ನು ಮತ್ತೆ ಬೋರ್ಡಿಗೆ ಹಾಕಿದರೆ ಮಣಿಪಾಲ ಹೋಗುತ್ತದೆ, ಹಾಕದಿದ್ದರೆ ಅಜೆಕಾರು ಹೋಗುತ್ತದೆ, ತನಗೆ ಯೋಚಿಸಲು ಸಮಯ ಬೇಕು ಎಂದಳು. ನನಗೂ ಬೇಕಿತ್ತು. ಆದರೆ ಮಣಿಪಾಲದಲ್ಲಿ ಕೂತು ಯೋಚಿಸುವವರಿಗೆ ಪರೀಕ್ಷೆ ವರ್ಷಕ್ಕೆರಡು ಸಲ. ನನಗೆ ದಿನಾ ಬೆಳಿಗ್ಗೆ.

ಉತ್ತರ ಸಿಕ್ಕಿದ್ದು ನಮ್ಮ ಮನೆಯ ಬಚ್ಚಲಿನ ಬಳಿ. ಲೀಲಾ ಪಾತ್ರೆ ತೊಳೆಯುತ್ತಿದ್ದಳು. ಪಕ್ಕದ ಮನೆಯಿಂದ ಏನೋ ತುಂಬಿಕೊಂಡು ಬಂದಿದ್ದ ಸ್ಟೀಲಿನ ಡಬ್ಬವನ್ನು ಹಿಂದಿರುಗಿಸಬೇಕಿತ್ತು. ಯಾರದ್ದೆಂದು ನೋಡಲು ಅದನ್ನು ಬೆಳಕಿಗೆ ಹಿಡಿದು ತಿರುಗಿಸಿದಳು. ಅಂಚಿನ ಕೆಳಗೆ ಚುಕ್ಕಿ ಚುಕ್ಕಿಯಾಗಿ ಕೊರೆದ ಹೆಸರು. ನಮ್ಮ ಮನೆಯಲ್ಲಿಯೂ ಅಂಥ ಪಾತ್ರೆಗಳು ರಾಶಿ ಉಂಟು. ಅವಳ ತವರು ಹೂಡೆ. ಮದುವೆಯಲ್ಲಿ ಅಲ್ಲಿಂದ ಬಂದ ದೊಡ್ಡ ತಪ್ಪಲೆಯಲ್ಲಿ ಊರಿನ ಹೆಸರನ್ನೂ ಕೊರೆಸಿದ್ದಾರೆ. ಈಗಲೂ ಪಾಯಸ ಮಾಡಿದರೆ ಅದರಲ್ಲಿಯೇ, ಮತ್ತು ಬಡಿಸುವಾಗ ಹೂಡೆ ಎಂಬುದು ಊಟಕ್ಕೆ ಕೂತವರ ಕಡೆಗೇ ತಿರುಗಿರುತ್ತದೆ. ಅದನ್ನು ಯಾರೂ ಓದುವುದಿಲ್ಲ. ಓದಬೇಕೆಂದು ಕೊರೆಸಿದ್ದೂ ಅಲ್ಲ. ದೂರದಿಂದ ನೋಡಿದವರಿಗೆ ಅದು ಪಾಯಸದ ಪಾತ್ರೆ. ತಿರುಗಿಸಿ ನೋಡಿದವರಿಗೆ ಅದು ಅವರ ಊರು. ಒಂದೇ ಪಾತ್ರೆ ಎರಡೂ ಕೆಲಸ ಮಾಡುತ್ತದೆ, ಎರಡು ಬೇರೆ ಬೇರೆ ಜಾಗದಲ್ಲಿ.

ನಾನು ಅಲ್ಲಿಂದಲೇ ಶ್ರಾವ್ಯಳಿಗೆ ಫೋನು ಮಾಡಿದೆ. ಊರುಗಳನ್ನು ಎದುರಿಗೆ ಬರೆಯುವುದು ಬೇಡ, ಪಕ್ಕಕ್ಕೆ ಬರೆಯುವ. ಒಂದೊಂದು ಕಿಟಕಿಯ ಕೆಳಗೆ ಒಂದೊಂದು ಊರು. ಹೊರಗೂ, ಒಳಗೂ. ದೂರದವನಿಗೆ ಬೋರ್ಡು, ಊರಿನವನಿಗೆ ಕಿಟಕಿ. ಲೈನು ಹೋಯಿತೆಂದು ತಿಳಿದು ಮತ್ತೆ ಮೊದಲಿನಿಂದ ಜೋರಾಗಿ ಹೇಳಿದೆ. ಪಕ್ಕದ ಮನೆಯವರು ಡಬ್ಬ ತೆಗೆದುಕೊಂಡು ಹೋಗಲು ತಾವೇ ಬಂದರು. ಶ್ರಾವ್ಯ ಕೊನೆಗೆ, “ಮಾಮ, ಇದು ನಮ್ಮ ಇಡೀ ಕ್ಲಾಸಿಗೆ ಹೊಳೀತಿರಲಿಲ್ಲ” ಎಂದಳು. ಈ ವಾಕ್ಯವನ್ನು ನಾನು ಮನೆಗೆ ಬಂದವರಿಗೆ ಹೇಳುವಾಗ ಒಂದು ಅಕ್ಷರವನ್ನೂ ಸೇರಿಸುವುದಿಲ್ಲ. ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಅಷ್ಟೇ.

ಆದರೆ ಅವಳ ಪಾಲನ್ನೂ ಹೇಳಬೇಕು. ಯಾವ ಊರಿಗೆ ಯಾವ ಕಿಟಕಿ ಎಂಬ ಪ್ರಶ್ನೆ ಬಂತು. ಮುಂದಿನ ಕಿಟಕಿ ಸಿಕ್ಕಿದವರು ಸ್ನೇಹಿತರು, ಹಿಂದಿನ ಟಯರಿನ ಮೇಲಿನದ್ದು ಸಿಕ್ಕಿದವರು ಶತ್ರುಗಳು. ಶ್ರಾವ್ಯ ಅದನ್ನು ಒಂದೇ ಮಾತಿನಲ್ಲಿ ಬಗೆಹರಿಸಿದಳು. ಒಂದು ಬದಿಯಲ್ಲಿ ಮುಂದಿನಿಂದ ಹಿಂದಕ್ಕೆ ಉಡುಪಿಯಿಂದ ಕಾರ್ಕಳ, ಇನ್ನೊಂದು ಬದಿಯಲ್ಲಿ ಕಾರ್ಕಳದಿಂದ ಉಡುಪಿ, ದಾರಿಯಲ್ಲಿ ಬರುವ ಕ್ರಮದಲ್ಲಿಯೇ. ಎಲ್ಲರಿಗೂ ಒಂದೇ ಅಳತೆ, ಒಂದೇ ಬಿಳಿ ಬಣ್ಣ. ಒಂದು ಬದಿಯಲ್ಲಿ ಹಿಂದೆ ಬಿದ್ದವರು ಇನ್ನೊಂದು ಬದಿಯಲ್ಲಿ ಮುಂದೆ. ಯಾರಾದರೂ ಕೇಳಿದರೆ, ರಸ್ತೆ ಮಾಡಿದವರನ್ನು ಕೇಳಿ ಎನ್ನಬಹುದು. ಕಾಪುವಿನಲ್ಲಿ ವಾಮನಣ್ಣ ಹಬ್ಬ ಬಂದವರ ಹಾಗೆ ಕುಂಚ ತೊಳೆದುಕೊಂಡರು. ಅಂತೂ ಹುಡುಗಿಗೆ ಬುದ್ಧಿ ಬಂತು ಎಂದರು.

ಒಂದು ಕಿಟಕಿ ಉಳಿಯಿತು, ತುರ್ತು ನಿರ್ಗಮನದ್ದು. ಲೀಲಾ ಗ್ಯಾರೇಜಿಗೆ ಬಂದವಳು ಅದನ್ನೇ ನೋಡುತ್ತಾ ನಿಂತಳು.

“ಹೂಡೆ?” ಎಂದಳು.

“ಬಸ್ಸು ಹೂಡೆಗೆ ಹೋಗುದಿಲ್ಲ ಮಾರಾಯ್ತಿ.”

“ನಾನು ಹೋಗ್ತೇನಲ್ಲ.”

ವಾಮನಣ್ಣ ನನ್ನ ಮುಖ ನೋಡಲಿಲ್ಲ. ಕುಂಚ ಅದ್ದಿಯಾಗಿತ್ತು. ಅಪಾಯ ಬಂದಾಗ ಮನುಷ್ಯ ಹೊರಗೆ ಹಾರಬೇಕಾದ ಕಿಟಕಿಯ ಕೆಳಗೆ ಇವತ್ತಿಗೂ ನನ್ನ ಹೆಂಡತಿಯ ತವರೂರಿನ ಹೆಸರುಂಟು. ಇದರಲ್ಲಿ ಅರ್ಥ ಹುಡುಕುವವರು ಹುಡುಕಿಕೊಳ್ಳಲಿ.

ಹೊಸ ಸುಗಂಧಿಯಲ್ಲಿ ಮೊದಲ ಬೆಳಿಗ್ಗೆ ನಾನೇ ಬಾಗಿಲಲ್ಲಿ ನಿಂತೆ. ಅಜೆಕಾರು ಹತ್ತಿರವಾದ ಹಾಗೆ ಒಂದು ಮೆಟ್ಟಿಲು ಕೆಳಗಿಳಿದು ನಿಂತೆ. ನೆರಳಿನಲ್ಲಿ ಜನ ನಿಂತಿದ್ದರು. ಬಸ್ಸು ನಿಂತಿತು. ಎಲ್ಲರೂ ಆಕಾಶ ನೋಡಿದರು. ದಯಾನಂದ ಸೀಟಿಯನ್ನು ಬಾಯಿಗೆ ಇಟ್ಟುಕೊಂಡಿದ್ದ. ಊದಬೇಡ ಎಂದು ಕಣ್ಣಲ್ಲಿಯೇ ಹೇಳಿದೆ. ಹಿಂದೆ ಆ ಇನ್ನೊಂದು ಬಸ್ಸಿನ ಹಾರ್ನು ದೂರದಲ್ಲಿ ಕೇಳಿಸತೊಡಗಿತ್ತು. ಆಗ ಶೇಖರಣ್ಣ ಅಂಗಡಿಯಿಂದ ಇಳಿದು ಬಂದರು. ಬಸ್ಸಿನ ಉದ್ದಕ್ಕೂ, ದೇವಸ್ಥಾನಕ್ಕೆ ಸುತ್ತು ಬರುವವರ ಹಾಗೆ, ಬೆರಳನ್ನು ಹೆಸರುಗಳ ಕೆಳಗೆ ಆಡಿಸಿಕೊಂಡು ನಡೆದರು. ಹಿರಿಯಡ್ಕ, ಕಡ್ತಲ, ದೊಂಡೆರಂಗಡಿ. ಬೆರಳು ನಿಂತಿತು. ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಅವರ ಹಿಂದೆ ಊರೇ ಆಕಾಶದಿಂದ ಕಣ್ಣು ಇಳಿಸಿ ಅವರ ಬೆನ್ನನ್ನು ನೋಡುತ್ತಿತ್ತು.

“ಅಕ್ಷರ ಸ್ವಲ್ಪ ದಪ್ಪ ಆಗ್ಬಹುದಿತ್ತು” ಎಂದರು ಶೇಖರಣ್ಣ.

ಹಾಗೆಂದು ಬಸ್ಸು ಹತ್ತಿದರು. ಅವರಿಗೆ ಆ ದಿನ ಉಡುಪಿಯಲ್ಲಿ ಯಾವ ಕೆಲಸವೂ ಇರಲಿಲ್ಲ. ಅಂಗಡಿಯನ್ನು ಹಾಗೆಯೇ ತೆರೆದಿಟ್ಟು ಹತ್ತಿದರು. ಅಜೆಕಾರಿನ ಕಿಟಕಿಯಲ್ಲಿ ಹಿರ್ಗಾನದ ಒಬ್ಬರು ಕೂತಿದ್ದರು. ಅವರ ಹತ್ತಿರ ಹೋಗಿ ಬಹಳ ವಿನಯದಿಂದ, ಇದು ನಮ್ಮ ಊರು, ನಿಮ್ಮದು ಹಿಂದೆ ಉಂಟು ಎಂದು ಅವರನ್ನು ಎಬ್ಬಿಸಿ ಕೂತರು. ಅವರ ಹಿಂದಿನಿಂದ ಆ ನೆರಳಿನಲ್ಲಿದ್ದವರೆಲ್ಲ ಹತ್ತಿದರು. ನಾನು ಮೊದಲೇ ಹೇಳಿದೆನಲ್ಲ, ಒಬ್ಬರು ಹತ್ತಿದರೆ ಉಳಿದವರಿಗೆ ಬೋರ್ಡು ಬೇಡ. ಹಾರ್ನು ಹೊಡೆಯುತ್ತಾ ಬಂದ ಬಸ್ಸಿಗೆ ಅಂಗಡಿಯ ನೆರಳು ಮಾತ್ರ ಉಳಿದಿತ್ತು.

ಆಮೇಲಿನದ್ದು ಬರೀ ಜಯದ ಕಥೆ. ಹೇಳಿಕೊಂಡರೆ ಜಂಭ ಎನ್ನುತ್ತೀರಿ, ಆದರೂ ಹೇಳುತ್ತೇನೆ. ಈಗ ಸುಗಂಧಿಯಲ್ಲಿ ಸೀಟಿಗೆ ನಂಬರಿಲ್ಲ, ಊರುಂಟು. ಒಬ್ಬರು ಹತ್ತಿ, “ಕಡ್ತಲದಲ್ಲಿ ಜಾಗ ಉಂಟಾ?” ಎಂದು ಕೇಳುತ್ತಾರೆ. ದಯಾನಂದ, ಕಡ್ತಲ ಫುಲ್ಲು, ದೊಂಡೆರಂಗಡಿಯಲ್ಲಿ ಸ್ವಲ್ಪ ಅಡ್ಜಸ್ಟ್ ಮಾಡಿದರೆ ಒಬ್ಬರಿಗೆ ಆಗುತ್ತದೆ ಎನ್ನುತ್ತಾನೆ. ತಮ್ಮ ಊರಿನ ಕಿಟಕಿಯಲ್ಲಿ ಬೇರೆ ಊರಿನವರು ಬಾಳೆಹಣ್ಣಿನ ಸಿಪ್ಪೆ ಎಸೆದರೆ ಜನ ಸಹಿಸುವುದಿಲ್ಲ. ಬಸ್ಸು ಗುಡಿಸುವ ಕೆಲಸ ಅರ್ಧ ಕಡಿಮೆಯಾಗಿದೆ. ಎಲ್ಲೆಲ್ಲಿಂದಲೋ ಓದಲು ಬಂದ ಮಣಿಪಾಲದ ಮಕ್ಕಳು ಬಾಯಿಗೆ ಬಾರದ ದೊಂಡೆರಂಗಡಿಯ ಕಿಟಕಿಯಲ್ಲಿ ಕೂತು ಫೋಟೋ ತೆಗೆಸಿಕೊಳ್ಳುತ್ತಾರೆ. ಹಿಂದಿನ ಬಸ್ಸಿನವರೂ ಕಿಟಕಿಗಳ ಕೆಳಗೆ ಬರೆಸಿದರು, ಆದರೆ ಅವರು ಬರೆಸಿದ್ದು ಮಾಲೀಕರ ಮಕ್ಕಳು ಮೊಮ್ಮಕ್ಕಳ ಹೆಸರು. ಪಾಪ, ಮೊಮ್ಮಕ್ಕಳು ಬಸ್ಸಿನಲ್ಲಿ ಹೋಗುವುದಿಲ್ಲ, ಅವರಿಗೆ ಕಾರುಂಟು. ಬೆಳಗಿನ ಟ್ರಿಪ್ಪು ತುಂಬಿ ಬರುತ್ತದೆ, ಸಂಜೆಯದ್ದೂ. ಅಮ್ಮನ ಹೆಸರು ಇದ್ದಲ್ಲಿಯೇ ಉಂಟು. ಒಂದೇ ತೊಂದರೆ ಎಂದರೆ ಹೂಡೆಯ ಜನ. ಬಸ್ಸು ನಮ್ಮ ಕಡೆಗೆ ಯಾವಾಗಿನಿಂದ ಬರುತ್ತದೆ ಎಂದು ಲೀಲಾಳ ತವರಿನವರೆಲ್ಲ ಕೇಳುತ್ತಿದ್ದಾರೆ. ಅವಳು, ನಮ್ಮ ಮನೆಯವರು ಯೋಚಿಸುತ್ತಿದ್ದಾರೆ ಎಂದು ನನ್ನ ಪರವಾಗಿ ಹೇಳಿ ಆಗಿದೆ.

ಕಳೆದ ತಿಂಗಳು ಶ್ರಾವ್ಯಳ ಕಾಲೇಜಿನಲ್ಲಿ ಮಕ್ಕಳ ಕೆಲಸಗಳ ಪ್ರದರ್ಶನ ಇತ್ತು. ಸುಗಂಧಿಯ ಚಿತ್ರವನ್ನು ಗೋಡೆಯಷ್ಟು ದೊಡ್ಡದು ಮಾಡಿ ಹಾಕಿದ್ದಾಳೆ, ಅಧ್ಯಾಪಕರೆಲ್ಲ ಮೆಚ್ಚಿದ್ದಾರೆ, ಬರಲೇಬೇಕು ಎಂದಳು. ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು, ಲೀಲಾಳನ್ನು ಕರೆದುಕೊಂಡು ಹೋದೆ. ಎಂಟನೆಯ ತರಗತಿಗೆ ಹೋಗದವನು ನೇರವಾಗಿ ಕಾಲೇಜಿನ ಬಾಗಿಲಲ್ಲಿ ಇಳಿದೆ, ಅದೂ ಸ್ವಂತ ಬಸ್ಸಿನಿಂದ. ಒಳಗೆ ಜನ ಆ ಚಿತ್ರದ ಎದುರು ನಿಂತು ಏನೇನೋ ಮಾತಾಡುತ್ತಿದ್ದರು. ನಾನೂ ನಿಂತು ನೋಡಿದೆ. ಬಹಳ ಹೊತ್ತು ನೋಡಿದೆ. ಲೀಲಾ ಪಕ್ಕದಲ್ಲಿ, ಬೋರ್ಡು ಎಷ್ಟು ಚಂದ ಬಂದಿದೆ, ಕಿಟಕಿಗಳೆಲ್ಲ ಹೇಗೆ ಸಾಲಾಗಿ ಕಾಣುತ್ತವೆ, ಹೂಡೆಯೂ ಸ್ಪಷ್ಟವಾಗಿ ಉಂಟು ಎನ್ನುತ್ತಿದ್ದಳು. ಹೌದಾ ಎಂದು ನಾನು ತಲೆಯೆತ್ತಿದೆ. ನಾನಿನ್ನೂ ಬೋರ್ಡಿನ ತನಕ ಹೋಗಿರಲಿಲ್ಲ. ಎಡಗಡೆಯ ತುದಿಯಲ್ಲಿ, ಬಾಗಿಲಿನ ಹತ್ತಿರ, ಒಂದು ಕೈ, ಅರ್ಧ ಹೊಟ್ಟೆ ಮತ್ತು ಒಂದು ಚಪ್ಪಲಿ ಕಾಣುತ್ತಿತ್ತು. ಅದು ನನ್ನ ಚಪ್ಪಲಿ.

ಶ್ರಾವ್ಯ ಬಂದು, “ಹೇಗುಂಟು ಮಾಮ?” ಎಂದು ಕೇಳಿದಳು.

“ಲಾಯ್ಕ ಉಂಟು. ಎಡಗಡೆ ಇನ್ನೂ ಸ್ವಲ್ಪ ಬರಬಹುದಿತ್ತು” ಎಂದೆ.

ಅವಳು ಲೀಲಾಳ ಮುಖ ನೋಡಿದಳು, ಲೀಲಾ ಅವಳ ಮುಖ ನೋಡಿದಳು. ಮದುವೆಯ ಫೋಟೋದ ಮಾತನ್ನು ಇಬ್ಬರೂ ಎತ್ತಲಿಲ್ಲ, ಅದು ಅವರ ದೊಡ್ಡತನ. ಎಡಗಡೆ ಪೂರ್ತಿ ಇರುವ ಇನ್ನೊಂದು ಪ್ರತಿಯನ್ನು ಅವಳು ಆಮೇಲೆ ಕಳುಹಿಸಿಕೊಟ್ಟಳು. ಅದಕ್ಕೆ ಕಟ್ಟು ಹಾಕಿಸಿ ಚಾವಡಿಯ ಗೋಡೆಯಲ್ಲಿ, ಬಂದವರ ಕಣ್ಣು ಮೊದಲು ಬೀಳುವ ಜಾಗದಲ್ಲಿ ತೂಗುಹಾಕಿದ್ದೇನೆ. ಯಾರೇ ಬಂದರೂ ಬಸ್ಸನ್ನು ತೋರಿಸಿ, ಬೋರ್ಡನ್ನು ವಿವರಿಸಿ, ಕಿಟಕಿಗಳನ್ನು ಒಂದೊಂದಾಗಿ ಓದಿ ಹೇಳುತ್ತೇನೆ. ಎಡಗಡೆಯ ಬಗ್ಗೆ ಒಂದು ಮಾತನ್ನೂ ಆಡುವುದಿಲ್ಲ. ಅವರಾಗಿಯೇ ಕಂಡುಹಿಡಿಯುವ ತನಕ ಚಹಾ ಕೊಡುವುದಿಲ್ಲ, ಅಷ್ಟೇ.